ಕೆಂಪು ಕೆನ್ನೆಯ ಸಲಮಾಂಡರ್ ಹುಡುಕುತ್ತ ಸ್ಮೋಕಿ ಬೆಟ್ಟಗಳಲ್ಲಿ

ಅಮೆರಿಕದ ಟೆನೆಸೀ ಮತ್ತು ನಾರ್ತ್ ಕ್ಯಾರೊಲೈನಾ ರಾಜ್ಯಗಳ ಗಡಿಯುದ್ದಕ್ಕೂ ಹಬ್ಬಿದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಅಟ್ಲಾಂಟಾ, ಷಾರ್ಲಟ್, ನ್ಯಾಶ್‌ವಿಲ್ ಕಡೆಯ ಕನ್ನಡದ ಮನೆಗಳಿಂದ ವಾರಾಂತ್ಯಕ್ಕೆ ಹೋಗಿಬರುವವರು ಬಹಳ. ಎಲೆ ಬಣ್ಣ ತಿರುಗುವುದನ್ನು ನೋಡುತ್ತಾರೆ, ಕೇಡ್ಸ್ ಕೋವ್ ಕಣಿವೆಯಲ್ಲಿ ಕರಡಿಗಾಗಿ ಕಾರಿನೊಳಗೆ ಕಾದು ಕೂರುತ್ತಾರೆ. ಅದೇ ಕಾಡಿನ ತರಗೆಲೆಯಡಿ, ಕಪ್ಪೆಯ ಸಂಬಂಧಿಯಾದರೂ ಹಲ್ಲಿಯಂತೆ ಬಾಲವಿರುವ ಸುಮಾರು 30 ಜಾತಿಯ ಸಲಮಾಂಡರ್‌ಗಳಿವೆ ಎಂಬ ಕಡೆಗೆ ಗಮನ ಹರಿಯುವುದು ಕಡಿಮೆ. ಅವುಗಳಲ್ಲಿ ಒಂದು ಈ ಬೆಟ್ಟಸಾಲನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಅದೇ ಪ್ಲೆಥೊಡಾನ್ ಜೋರ್ಡಾನಿ, ಕೆಂಪು ಕೆನ್ನೆಯ ಸಲಮಾಂಡರ್. 1901ರಲ್ಲಿ ಬ್ಲ್ಯಾಚ್ಲಿ ಎಂಬ ವಿಜ್ಞಾನಿ ಇದನ್ನು ವಿವರಿಸಿ, ಮೀನು ತಜ್ಞ ಡೇವಿಡ್ ಸ್ಟಾರ್ ಜೋರ್ಡಾನ್ ಅವರ ಹೆಸರಿಟ್ಟರು.

ಕರ್ನಾಟಕದಲ್ಲಿ ಬೆಳೆದವರಿಗೆ ಸಲಮಾಂಡರ್ ಅಷ್ಟಾಗಿ ಪರಿಚಯವಿರುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಕಪ್ಪೆಗಳಿವೆ, ಕಾಲಿಲ್ಲದ ಸಿಸಿಲಿಯನ್‌ಗಳೂ ಇವೆ, ಬಾಲವಿರುವ ಈ ಗುಂಪು ಮಾತ್ರ ಇಲ್ಲ. ಭಾರತದಲ್ಲೇ ನೋಡಬೇಕೆಂದರೆ ಡಾರ್ಜಿಲಿಂಗ್, ಸಿಕ್ಕಿಂ ಮತ್ತು ಈಶಾನ್ಯದ ಕಡೆ ಹೋಗಿ ಕೆರೆಗಳಲ್ಲಿ ಸಿಗುವ ನ್ಯೂಟ್ ಎಂಬ ಸಲಮಾಂಡರ್ ಹುಡುಕಬೇಕು. ಅದಕ್ಕೆ ಮೊಟ್ಟೆಯಿಡಲು ನಿಂತ ನೀರು ಬೇಕು. ಸ್ಮೋಕಿಯ ಈ ಕಾಡು ಸಲಮಾಂಡರ್‌ಗೆ ಕೆರೆಯೂ ಬೇಡ, ತೊರೆಯೂ ಬೇಡ. ಅದಕ್ಕೆ ಬೇಕಾದದ್ದು ಎತ್ತರ, ತಂಪು ಮತ್ತು ಒದ್ದೆ. ಈ ಮೂರೂ ಕೂಡಿಬಂದಾಗ ಅಲ್ಲಿರುವಂತೆ ದಿನಗಳನ್ನು ಹೊಂದಿಸಿಕೊಂಡರೆ ಒಂದು ಕಲ್ಲನ್ನೂ ಎತ್ತದೆ ಇದನ್ನು ನೋಡಬಹುದು. ಕೆಳಗಿನ ದಿನಚರಿ ಹೊಂದಿಸಿರುವುದೇ ಆ ಲೆಕ್ಕದಲ್ಲಿ. ಕಾಲ ಸೆಪ್ಟೆಂಬರ್‌ನ ಮೊದಲ ಭಾಗ.

ಮೊದಲ ದಿನ: ಬುಡದಿಂದ ಶುರು

ನಾಕ್ಸ್‌ವಿಲ್ ವಿಮಾನ ನಿಲ್ದಾಣದಿಂದ ಗ್ಯಾಟ್ಲಿನ್‌ಬರ್ಗ್ ಊರಿಗೆ ಸುಮಾರು 45 ಮೈಲಿ. ಪಿಜನ್ ಫೋರ್ಜ್‌ನ ಸಿಗ್ನಲ್‌ಗಳಲ್ಲಿ ಶನಿವಾರ ಸಿಕ್ಕಿಹಾಕಿಕೊಂಡರೆ ಅದೇ ದಾರಿಗೆ ಎರಡರಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ವಾರದ ನಡುವೆ ಬರುವುದು ಮೇಲು. ಊರು ದಾಟಿ ಎರಡು ಮೈಲಿಗೆ ಸುಗರ್‌ಲ್ಯಾಂಡ್ಸ್ ಸಂದರ್ಶಕ ಕೇಂದ್ರವಿದೆ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, ಆದರೆ 2023ರ ಮಾರ್ಚ್‌ನಿಂದ 15 ನಿಮಿಷ ಮೀರಿ ಗಾಡಿ ನಿಲ್ಲಿಸುವವರು ಪಾರ್ಕಿಂಗ್ ಟ್ಯಾಗ್ ಕೊಳ್ಳಬೇಕು: ದಿನಕ್ಕೆ 5 ಡಾಲರ್, ವಾರಕ್ಕೆ 15, ವರ್ಷಕ್ಕೆ 40. ಮೂರು ದಿನ ಮೀರಿ ಇರುವವರಿಗೆ ವಾರದ್ದೇ ಲಾಭ.

ಸುಗರ್‌ಲ್ಯಾಂಡ್ಸ್ ಇರುವುದು ಸಮುದ್ರಮಟ್ಟದಿಂದ ಸುಮಾರು 445 ಮೀಟರ್ ಎತ್ತರದಲ್ಲಿ. ಇಲ್ಲಿ ಕೆಂಪು ಕೆನ್ನೆಯ ಸಲಮಾಂಡರ್ ಸಿಗುವುದಿಲ್ಲ. ಮೊದಲ ದಿನವನ್ನು ಇಲ್ಲೇ ಕಳೆಯುವುದಕ್ಕೆ ಕಾರಣವೂ ಅದೇ: ಯಾವುದು ಎಲ್ಲಿ ಇಲ್ಲ ಎಂದು ಮೊದಲೇ ತಿಳಿದರೆ ಮುಂದಿನ ಹುಡುಕಾಟ ಸುಲಭ. ಕೇಂದ್ರದಲ್ಲಿ ಉದ್ಯಾನದ ನಕ್ಷೆ ತೆಗೆದುಕೊಂಡು, ಯಾವ ರಸ್ತೆ, ಯಾವ ಕಾಲುದಾರಿ ಮುಚ್ಚಿದೆ ಎಂದು ವಿಚಾರಿಸಿ. ಬೆಟ್ಟದ ಮೇಲೆ ಬಹಳ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಕಾಗದದ ನಕ್ಷೆ ಜೇಬಿನಲ್ಲಿರಲಿ.

ಇಲ್ಲಿನ ನಿಯಮಗಳು ಪ್ರವಾಸದ ಸ್ವರೂಪವನ್ನೇ ನಿರ್ಧರಿಸುತ್ತವೆ. ಸಲಮಾಂಡರ್ ಹಿಡಿಯುವುದು, ಒಯ್ಯುವುದು ಅಪರಾಧ. ತೊರೆಯ ಕಲ್ಲುಗಳನ್ನು ಸರಿಸಬಾರದು, ಪೇರಿಸಬಾರದು, ಅಣೆಕಟ್ಟಿನ ಹಾಗೆ ಜೋಡಿಸಲೂಬಾರದು. ಕಾಡುಪ್ರಾಣಿ ನೋಡಲೆಂದು ಕತ್ತಲಲ್ಲಿ ಬೆಳಕು ಹಾಯಿಸುವುದಕ್ಕೂ ಅವಕಾಶವಿಲ್ಲ. ಹೆಡ್‌ಲ್ಯಾಂಪ್ ಇರುವುದು ಕಾಲಿನ ಮುಂದಿನ ದಾರಿ ಕಾಣಲು ಮಾತ್ರ. ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಕಪ್ಪೆ ನೋಡಿ ಅಭ್ಯಾಸವಿದ್ದವರಿಗೆ ಇದು ಕೈಕಟ್ಟಿದಂತೆ ಅನ್ನಿಸಬಹುದು. ಆದರೆ ಮಂಜು ಕವಿದ ಮುಂಜಾನೆ, ಮಳೆ ಹಿಡಿದ ಮಧ್ಯಾಹ್ನ, ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ ಇದ್ದೇ ಇವೆಯಲ್ಲ, ಅಷ್ಟು ಸಾಕು.

ಸಾಮಾನು ಕಡಿಮೆ. ಮಳೆಯಂಗಿ, ಹಿಡಿತವಿರುವ ಬೂಟು, ಒಂದು ಜೊತೆ ಒಣ ಕಾಲುಚೀಲ, ಚಿಕ್ಕ ಥರ್ಮಾಮೀಟರ್, ಹತ್ತಿರಕ್ಕೆ ಫೋಕಸ್ ಆಗುವ ದುರ್ಬೀನು. ಎರಡು ಮೀಟರ್ ದೂರದಿಂದ ಫೋಕಸ್ ಆಗುವ ದುರ್ಬೀನಿದ್ದರೆ ದಾರಿ ಬಿಟ್ಟು ಕಾಡಿನೊಳಗೆ ಕಾಲಿಡುವ ಅಗತ್ಯವೇ ಬೀಳುವುದಿಲ್ಲ. ಸೊಳ್ಳೆ, ಉಣ್ಣಿ ಓಡಿಸುವ ಔಷಧವನ್ನು ಕೈಗೆ ಹಚ್ಚಬೇಡಿ, ಅದರ ಬದಲು ತುಂಬು ತೋಳಿನ ಅಂಗಿ ಹಾಕಿ. ಸಲಮಾಂಡರ್ ಉಸಿರಾಡುವುದೇ ಚರ್ಮದಿಂದ, ಹಾಗಾಗಿ ಅಂಗೈಯ ಔಷಧವೋ ಸನ್‌ಸ್ಕ್ರೀನೋ ಅದಕ್ಕೆ ತಾಗಿದರೆ ನೇರ ಮೈಗೆ ಇಳಿಯುತ್ತದೆ. ಮುಟ್ಟುವುದಿಲ್ಲ ಎಂದುಕೊಂಡೇ ಹೋದರೂ ಕೈ ಊರಿದ ಪಾಚಿಯ ಮೇಲೆ ಆಮೇಲೆ ಹರಿದಾಡುವುದು ಅದೇ ಪ್ರಾಣಿ.

ಸಂಜೆಯ ಕೆಲಸ ಮಳೆಯ ಲೆಕ್ಕ ನೋಡುವುದು. ನಾಳೆ ಮಳೆ ಬರುತ್ತದೋ ಇಲ್ಲವೋ ಎನ್ನುವುದಕ್ಕಿಂತ ಕಳೆದ ಮೂರು ನಾಲ್ಕು ದಿನ ಬೆಟ್ಟದ ಮೇಲೆ ಮಳೆಯಾಗಿತ್ತೋ ಎಂಬುದು ಮುಖ್ಯ. ಮೇಲಿನ ತರಗೆಲೆ ಒದ್ದೆಯಿದ್ದು ಅದರಡಿಯ ಮಣ್ಣು ಒಣಗಿದ್ದರೆ ಪ್ರಾಣಿ ಆಳದಲ್ಲೇ ಉಳಿಯುತ್ತದೆ. ವಾರವಿಡೀ ಒಣಹವೆಯಿದ್ದು ಗಾಳಿಯೂ ಬೀಸುತ್ತಿದ್ದರೆ ಎರಡನೇ ದಿನದ ಕಾರ್ಯಕ್ರಮವನ್ನು ಮುಂದೂಡಿ, ಮೊದಲು ತೊರೆಯ ಬದಿಯ ದಾರಿಗೆ ಹೋಗುವುದು ಜಾಣತನ.

ಎರಡನೇ ದಿನ: ಸ್ಪ್ರೂಸ್ ಕಾಡಿನೊಳಗೆ

ಬೆಳಗಿನ ಐದೂವರೆಗೆ ಗ್ಯಾಟ್ಲಿನ್‌ಬರ್ಗ್ ಬಿಟ್ಟರೆ ರಸ್ತೆ ಖಾಲಿ. ಸುಗರ್‌ಲ್ಯಾಂಡ್ಸ್‌ನಿಂದ ನ್ಯೂಫೌಂಡ್ ಗ್ಯಾಪ್ ಎಂಬ ಕಣಿವೆದಾರಿಗೆ 13 ಮೈಲಿ, ಎತ್ತರ 1,538 ಮೀಟರ್. ಅಲ್ಲಿಂದ ಬಲಕ್ಕೆ ತಿರುಗಿ ಏಳು ಮೈಲಿ ಹೋದರೆ ಕುವೋಹಿ ಶಿಖರದ ಪಾರ್ಕಿಂಗ್. ಹಳೆಯ ನಕ್ಷೆಗಳಲ್ಲಿ ಇದು ಕ್ಲಿಂಗ್‌ಮನ್ಸ್ ಡೋಮ್. 2024ರಲ್ಲಿ ಚೆರೋಕೀ ಜನರ ಮೂಲ ಹೆಸರನ್ನು ಮರಳಿ ಕೊಟ್ಟರು. ಎತ್ತರ 2,025 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ನೂರು ಮೀಟರ್ ಹೆಚ್ಚು. ಬುಡದಲ್ಲಿ ಹಗಲು 27 ಡಿಗ್ರಿ ಇರುವ ದಿನ ಇಲ್ಲಿ 15ರ ಆಸುಪಾಸು. ಗಾಳಿ ಸೇರಿಕೊಂಡರೆ ಬೆರಳು ಮರಗಟ್ಟುತ್ತದೆ.

ಕಣಿವೆಯಲ್ಲಿ ವರ್ಷಕ್ಕೆ ಸುಮಾರು 140 ಸೆಂಟಿಮೀಟರ್ ಮಳೆ ಬಿದ್ದರೆ ಶಿಖರಗಳಲ್ಲಿ ಬೀಳುವುದು 215ರಷ್ಟು. ಆಗುಂಬೆಯ ಮಳೆಯ ಮೂರರಲ್ಲೊಂದು ಪಾಲೂ ಇಲ್ಲ ಎಂದು ಇದನ್ನು ಕಡೆಗಣಿಸುವಂತಿಲ್ಲ. ಅಲ್ಲಿ ಅಷ್ಟೂ ನೀರು ನಾಲ್ಕು ತಿಂಗಳಲ್ಲಿ ಸುರಿದು ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ. ಇಲ್ಲಿ ಹನ್ನೆರಡೂ ತಿಂಗಳು ಹಂಚಿಕೊಂಡು ಬೀಳುತ್ತದೆ, ಮಳೆ ಇಲ್ಲದ ದಿನ ಮಂಜು ಇರುತ್ತದೆ. ಚರ್ಮ ಒಣಗಿದರೆ ಉಸಿರು ಕಟ್ಟುವ ಪ್ರಾಣಿಗೆ ಒಟ್ಟು ಮಳೆ ಎಷ್ಟು ಎನ್ನುವುದಕ್ಕಿಂತ ಒಣ ದಿನಗಳು ಎಷ್ಟು ಕಡಿಮೆ ಎನ್ನುವುದೇ ಬದುಕು ಸಾವಿನ ಪ್ರಶ್ನೆ.

ಜನರೆಲ್ಲ ಡಾಂಬರು ದಾರಿ ಹಿಡಿದು ಶಿಖರದ ವೀಕ್ಷಣಾ ಗೋಪುರದ ಕಡೆ ಹೋಗುತ್ತಾರೆ. ನೀವು ಅದೇ ಪಾರ್ಕಿಂಗ್‌ನಿಂದ ಫೋರ್ನಿ ರಿಡ್ಜ್ ದಾರಿ ಹಿಡಿದು ಆಂಡ್ರೂಸ್ ಬಾಲ್ಡ್ ಹುಲ್ಲುಗಾವಲಿನ ಕಡೆ ಇಳಿಯಿರಿ. ಒಂದು ಕಡೆಗೆ 1.8 ಮೈಲಿ. ಮೊದಲ ತುಂಡು ಕಲ್ಲುಕಲ್ಲು, ಆಮೇಲೆ ಹಲಗೆ ಮೆಟ್ಟಿಲು, ಕಲ್ಲಿನ ಮೆಟ್ಟಿಲು. ಒದ್ದೆಯಾದ ಬೇರು ಬಲು ಜಾರು. ಸಲಮಾಂಡರ್ ನೋಡುವವರ ನಡಿಗೆ ಇಲ್ಲಿ ಗಂಟೆಗೆ ಅರ್ಧ ಮೈಲಿ ಮೀರಬಾರದು.

ಎಲ್ಲಿ ನೋಡಬೇಕು? ದಾರಿಯ ಮೇಲ್ಬದಿಯ ಮಣ್ಣಿನ ದಂಡೆ, ಅದರಲ್ಲಿ ಬೇರುಗಳ ಮಧ್ಯದ ಕಿರುಬೆರಳಿನಗಲದ ಬಿಲ, ಪಾಚಿ ಹೊದ್ದ ದಿಮ್ಮಿ ನೆಲಕ್ಕೆ ತಾಗುವ ಗೆರೆ, ಬುಡಮೇಲಾದ ಮರದ ಬೇರಿನ ಗೋಡೆ. ಫ್ರೇಸರ್ ಫರ್ ಎಂಬ ಸೂಜಿಯೆಲೆಯ ಮರಗಳು ಇಲ್ಲಿ ಸಾಲುಸಾಲಾಗಿ ಸತ್ತು ನಿಂತಿವೆ, ಬಿದ್ದಿವೆ. ಯೂರೋಪಿನಿಂದ ಬಂದ ಬಾಲ್ಸಮ್ ವೂಲಿ ಅಡೆಲ್ಜಿಡ್ ಎಂಬ ರಸಹೀರುವ ಸಣ್ಣ ಕೀಟ 1960ರ ದಶಕದಿಂದ ಮಾಡಿದ ಕೆಲಸವಿದು. ಬಿದ್ದ ದಿಮ್ಮಿ ಸಲಮಾಂಡರ್‌ಗೆ ಆಸರೆ ನಿಜ, ಆದರೆ ಮೇಲಿನ ನೆರಳು ಹೋದ ಕಡೆ ನೆಲಕ್ಕೆ ಬಿಸಿಲು ಬೀಳುತ್ತದೆ, ಪಾಚಿ ಒಣಗುತ್ತದೆ. ಆದ್ದರಿಂದ ಬೋಳು ಜಾಗ ಬಿಟ್ಟು ಕೆಂಪು ಸ್ಪ್ರೂಸ್‌ನ ದಟ್ಟ ನೆರಳಿರುವಲ್ಲೇ ನಿಲ್ಲಿ. ದಿಮ್ಮಿಯ ತೊಗಟೆ ಕೀಳಬೇಡಿ, ದಿಮ್ಮಿ ಉರುಳಿಸಬೇಡಿ. ಕೆಳಗಿನ ತೇವದ ಪದರ ವರ್ಷಗಟ್ಟಲೆ ಕೊಳೆತು ಕಟ್ಟಿಕೊಂಡದ್ದು. ಒಮ್ಮೆ ಮುದ್ರೆ ಒಡೆದರೆ ವಾಪಸ್ ಇಟ್ಟರೂ ಮೊದಲಿನ ಹಾಗೆ ನೆಲಕ್ಕೆ ಕಚ್ಚಿಕೊಳ್ಳುವುದಿಲ್ಲ, ಗಾಳಿ ಆಡುತ್ತದೆ, ಒಣಗುತ್ತದೆ.

ಮಂಜು ಇನ್ನೂ ಹರಿಯದ ಹೊತ್ತಿನಲ್ಲಿ ಬಿಲದ ಬಾಯಲ್ಲಿ ತಲೆ ಮಾತ್ರ ಹೊರಗಿಟ್ಟು ಕೂತಿರುವುದು ಇದರ ಸಾಮಾನ್ಯ ಭಂಗಿ. ಮೊದಲು ಕಣ್ಣಿಗೆ ಬೀಳುವುದು ಎರಡು ಉಬ್ಬು ಕಣ್ಣು, ಅವುಗಳ ಹಿಂದೆ ಕೆನ್ನೆಯ ಮೇಲೆ ಕೆಂಪು ಅಥವಾ ಕಿತ್ತಳೆಗೆಂಪು ಮಚ್ಚೆ. ಉಳಿದ ಮೈ ಪೂರಾ ನೀಲಿ ಮಿಶ್ರಿತ ಕಪ್ಪು ಬೂದು, ಹೊಟ್ಟೆ ಸ್ವಲ್ಪ ತಿಳಿ. ಬೆನ್ನಿನ ಮೇಲೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಸಾಮಾನ್ಯವಾಗಿ ಮೂತಿಯಿಂದ ಬಾಲದ ತುದಿಗೆ 9ರಿಂದ 12 ಸೆಂಟಿಮೀಟರ್. ದೊಡ್ಡವು 18ರ ತನಕ ಬೆಳೆಯುತ್ತವೆ, ಅದರಲ್ಲಿ ಅರ್ಧದಷ್ಟು ಬಾಲವೇ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು.

ಊರಿನಿಂದ ಬಂದ ಹಿರಿಯರಿಗೆ ತೋರಿಸಿದರೆ ಹಾವುರಾಣಿ ಎನ್ನುವುದು ಖಂಡಿತ. ಹಾವುರಾಣಿಗೆ ಮೈತುಂಬ ಹುರುಪೆ, ಬೆರಳಿಗೆ ಉಗುರು, ಬಿಸಿಲಿಗೆ ಬಂದು ಮೈ ಕಾಯಿಸುವ ಚಾಳಿ. ಇದಕ್ಕೆ ಹುರುಪೆಯಿಲ್ಲ, ಉಗುರಿಲ್ಲ, ಬಿಸಿಲೆಂದರೆ ಸಾವು. ಪಕ್ಕೆಲುಬಿನುದ್ದಕ್ಕೂ ಅಡ್ಡ ಗೀರುಗಳಿವೆ, ಪ್ರತಿ ಪಕ್ಕಕ್ಕೆ ಸಾಮಾನ್ಯವಾಗಿ 16. ತೇವವಾದ ಚರ್ಮದ ಮೇಲೆ ನೀರಿನ ಪೊರೆ ಹರಡಲು ಈ ಗೀರುಗಳು ಕಾಲುವೆಯ ಕೆಲಸ ಮಾಡುತ್ತವೆ. ಮೂಗಿನ ಹೊಳ್ಳೆಯಿಂದ ಮೇಲ್ದುಟಿಗೆ ಇಳಿಯುವ ಸಣ್ಣ ಗೀರು ಶ್ವಾಸಕೋಶವಿಲ್ಲದ ಸಲಮಾಂಡರ್‌ಗಳ ಇಡೀ ಕುಟುಂಬದ ಗುರುತು. ನೆಲಕ್ಕೆ ಮೂತಿ ತಾಗಿಸಿದಾಗ ತೇವ ಆ ಗೀರಿನಲ್ಲಿ ಏರಿ ವಾಸನೆಯನ್ನು ಮೂಗಿಗೆ ತಲುಪಿಸುತ್ತದೆ. ನಡೆಯುತ್ತ ನಡೆಯುತ್ತ ಮೂತಿಯನ್ನು ನೆಲಕ್ಕೆ ಟಕ್ ಟಕ್ ಎಂದು ಮುಟ್ಟಿಸುವುದನ್ನು ದುರ್ಬೀನಿನಲ್ಲಿ ನೋಡಬಹುದು. ಯಾರು ಈ ದಾರಿಯಲ್ಲಿ ಹೋದರು, ಗಂಡೋ ಹೆಣ್ಣೋ ಎಂದು ಓದಿಕೊಳ್ಳುವ ರೀತಿಯದು.

ಶ್ವಾಸಕೋಶ ಇಲ್ಲವೇ ಇಲ್ಲ. ಆಮ್ಲಜನಕ ಬರುವುದು ಚರ್ಮ ಮತ್ತು ಬಾಯಿಯೊಳಗಿನ ಪೊರೆಯ ಮೂಲಕ. ತಂಪಿನಲ್ಲಿ ಮೈಯ ಬೇಡಿಕೆ ಕಡಿಮೆ, ಹಾಗಾಗಿ ಅಷ್ಟು ಉಸಿರು ಸಾಕು. ಬಿಸಿಯೇರಿದಂತೆ ಬೇಡಿಕೆ ಏರುತ್ತದೆ, ಚರ್ಮ ಒಣಗುತ್ತದೆ, ಎರಡೂ ಕಡೆಯಿಂದ ಕತ್ತರಿ. ಈ ಪ್ರಾಣಿ ಬೆಟ್ಟದ ಮೇಲ್ಭಾಗಕ್ಕೇ ಅಂಟಿಕೊಂಡಿರುವುದರ ಒಂದು ಕಾರಣ ಇದು. ಇನ್ನೊಂದು ಕಾರಣ ಕೊನೆಯ ದಿನ ಇಳಿಯುವಾಗ ಸಿಗುತ್ತದೆ.

ಹತ್ತು ಗಂಟೆಗೆ ಮಂಜು ಹರಿದು ಬಿಸಿಲು ಬಂದರೆ ಆಟ ಮುಗಿದಂತೆ. ಹುಲ್ಲುಗಾವಲಿನಲ್ಲಿ ಕುಳಿತು ಪುಳಿಯೋಗರೆ ಬಿಚ್ಚುವ ಹೊತ್ತು. ಉಳಿದ ಅನ್ನ, ಬಾಳೆಹಣ್ಣಿನ ಸಿಪ್ಪೆ, ಎಣ್ಣೆ ತಾಗಿದ ಫಾಯಿಲ್ ಎಲ್ಲವೂ ಚೀಲದೊಳಗೆ ವಾಪಸ್ ಬರಬೇಕು. ಕಪ್ಪು ಕರಡಿಗೆ ಇಂಗಿನ ವಾಸನೆ ಹೊಸದೇನಲ್ಲದಂತೆ ಮಾಡಿದವರು ಈಗಾಗಲೇ ಸಾಕಷ್ಟಿದ್ದಾರೆ. ಕರಡಿ ಕಂಡರೆ 50 ಗಜದ ಅಂತರ ಕಾನೂನು.

ಮೂರನೇ ದಿನ: ವೇಷಧಾರಿಯ ತೊರೆ

ಆಲಮ್ ಕೇವ್ ದಾರಿ ಶುರುವಾಗುವುದು ಸುಮಾರು 1,170 ಮೀಟರ್ ಎತ್ತರದಲ್ಲಿ, ಸುಗರ್‌ಲ್ಯಾಂಡ್ಸ್‌ನಿಂದ ಹೆಚ್ಚುಕಡಿಮೆ ಒಂಬತ್ತು ಮೈಲಿ. ಪಾರ್ಕಿಂಗ್ ಬೆಳಗಿನ ಎಂಟಕ್ಕೆ ಮೊದಲೇ ತುಂಬುತ್ತದೆ. ರಸ್ತೆಯಂಚಿಗೆ ನಿಲ್ಲಿಸಿದರೆ ದಂಡದ ಜತೆಗೆ ಅಲ್ಲಿನ ದಂಡೆಯ ಮಣ್ಣೂ ಕುಸಿಯುತ್ತದೆ. ಮೊದಲ ಮೈಲಿ ತೊರೆಯ ಪಕ್ಕದಲ್ಲೇ, ರೋಡೋಡೆಂಡ್ರಾನ್ ಪೊದೆಗಳ ಸುರಂಗದೊಳಗೆ. ಹಗಲಲ್ಲೂ ಅಲ್ಲಿ ಸಂಜೆಯ ಬೆಳಕು.

ಇಲ್ಲಿ ಕೆಂಪು ಕೆನ್ನೆ ಕಂಡ ಕೂಡಲೇ ಹೆಸರು ಬರೆದುಕೊಳ್ಳಬಾರದು. ಇದೇ ಬೆಟ್ಟದಲ್ಲಿ ಡೆಸ್ಮೊಗ್ನಾಥಸ್ ಇಮಿಟೇಟರ್ ಎಂಬ ಬೇರೆಯೇ ಕುಲದ ಸಲಮಾಂಡರ್ ಇದೆ, ಅದರ ಕೆಲವು ಪ್ರಾಣಿಗಳ ಕೆನ್ನೆಯೂ ಕೆಂಪು, ಕಿತ್ತಳೆ ಅಥವಾ ಹಳದಿ. ಜೋರ್ಡಾನಿಯ ಮೈ, ಅದರಲ್ಲೂ ಬಾಲದ ಮೇಲ್ಭಾಗ, ಕೆಟ್ಟ ರುಚಿಯ ಅಂಟು ಲೋಳೆ ಸುರಿಸುತ್ತದೆ. ಬೆಂಡೆಕಾಯಿಯ ಲೋಳೆ ಒಣಗಿ ಗೋಂದಾದಂತೆ, ಹಿಡಿದ ಹಾವಿನ ಬಾಯಿಗೆ ಮೆತ್ತಿಕೊಳ್ಳುವಷ್ಟು ಬಿಗಿ. ಒಮ್ಮೆ ಅದನ್ನು ಕಚ್ಚಿದ ಹಕ್ಕಿ ಕೆಂಪು ಕೆನ್ನೆಯನ್ನು ನೆನಪಿಟ್ಟುಕೊಳ್ಳುತ್ತದೆ. ಇಮಿಟೇಟರ್‌ನಲ್ಲಿ ಆ ವಿಷವಿಲ್ಲ, ಬಣ್ಣವಷ್ಟೇ ಇದೆ. 1970ರ ದಶಕದಲ್ಲಿ ಹಕ್ಕಿಗಳ ಮುಂದೆ ಇವನ್ನಿಟ್ಟು ಮಾಡಿದ ಪ್ರಯೋಗಗಳು ಈ ವೇಷ ಪ್ರಾಣ ಉಳಿಸುತ್ತದೆ ಎಂದು ತೋರಿಸಿದವು. ಬಣ್ಣ ಕದಿಯದ, ಬೋಳು ಕೆನ್ನೆಯ ಇಮಿಟೇಟರ್‌ಗಳೂ ಅದೇ ತೊರೆಯಲ್ಲಿವೆ.

ಇಬ್ಬರನ್ನೂ ಬೇರ್ಪಡಿಸಲು ಮುಟ್ಟಬೇಕಿಲ್ಲ. ಕಾಲು ನೋಡಿ: ಇಮಿಟೇಟರ್‌ನ ಹಿಂಗಾಲು ಮುಂಗಾಲಿಗಿಂತ ಎದ್ದು ಕಾಣುವಷ್ಟು ದಪ್ಪ, ಜೋರ್ಡಾನಿಯ ನಾಲ್ಕೂ ಕಾಲು ಹೆಚ್ಚುಕಡಿಮೆ ಒಂದೇ ಗಾತ್ರ. ಕಣ್ಣಿನ ಹಿಂಬದಿಯಿಂದ ದವಡೆಯ ಮೂಲೆಗೆ ಓರೆಯಾಗಿ ಇಳಿಯುವ ತಿಳಿ ಗೆರೆ ಇಮಿಟೇಟರ್‌ನ ಕುಲದ ಗುರುತು, ಆದರೆ ಕೆನ್ನೆಗೆ ಬಣ್ಣ ತುಂಬಿದಾಗ ಅದು ಮುಚ್ಚಿಹೋಗಬಹುದು. ಅದಕ್ಕೇ ಕಾಲಿನ ಗುರುತು ಮೇಲು. ಬೆನ್ನಿನ ಮೇಲೆ ಅಲೆಯಲೆಯ ಪಟ್ಟೆ ಅಥವಾ ಮಸಕು ಮಚ್ಚೆಯಿದ್ದರೆ ಅದು ಜೋರ್ಡಾನಿ ಅಲ್ಲ. ಬಾಯಿ ತೆರೆಯುವುದನ್ನು ನೋಡಲು ಸಿಕ್ಕರೆ ಇನ್ನೂ ಸುಲಭ: ಇಮಿಟೇಟರ್ ಕೆಳದವಡೆಯನ್ನು ಕದಲಿಸದೆ ತಲೆಯನ್ನೇ ಮೇಲೆತ್ತಿ ಬಾಯಿ ಬಿಡುತ್ತದೆ. ಬೆದರಿದಾಗ ಅದು ಚಂಗನೆ ಹಾರಿ ನೀರಿನ ಕಡೆ ಓಡುತ್ತದೆ. ಜೋರ್ಡಾನಿ ನಿಧಾನಿ, ಬಿಲಕ್ಕೆ ಹಿಂಬದಿಯಿಂದ ಜಾರಿಕೊಳ್ಳುತ್ತದೆ ಅಥವಾ ಬಾಲವನ್ನು ಮುಂದೊಡ್ಡಿ ಸುಮ್ಮನಾಗುತ್ತದೆ. ಶತ್ರು ಬಾಲ ಹಿಡಿದರೆ ಬಾಲ ಕಳಚುತ್ತದೆ, ಮತ್ತೆ ಬೆಳೆಯುತ್ತದೆ. ಆದರೆ ಕೂಡಿಟ್ಟ ಕೊಬ್ಬು ಬಾಲದಲ್ಲೇ ಇರುವುದರಿಂದ ಅದು ಪುಕ್ಕಟೆ ಅಲ್ಲ. ಫೋಟೋಕ್ಕಾಗಿ ಬಾಲ ಹಿಡಿದೆಳೆಯುವವರು ಅದರ ಚಳಿಗಾಲದ ಕಣಜವನ್ನೇ ಕಿತ್ತುಕೊಂಡಂತೆ.

ಜಾಗವೂ ಸುಳಿವು ಕೊಡುತ್ತದೆ. ನೀರು ಜಿನುಗುವ ಬಂಡೆ, ತೊರೆಯ ಅಂಚು ಇಮಿಟೇಟರ್‌ನ ಮನೆ. ತೊರೆಯಿಂದ ಮೇಲೆದ್ದ ಇಳಿಜಾರಿನ ತರಗೆಲೆ ಜೋರ್ಡಾನಿಯದು. ಎರಡೂ ಬೆರೆಯುವ ಅಂಚುಗಳಿವೆ, ಹಾಗಾಗಿ ಜಾಗವೊಂದನ್ನೇ ನೆಚ್ಚಿ ತೀರ್ಪು ಕೊಡುವಂತಿಲ್ಲ.

ಮಧ್ಯಾಹ್ನದ ಮೇಲೆ ಮಳೆ ಹಿಡಿದರೆ ವಾಪಸ್ ಓಡಬೇಡಿ, ಗುಡುಗಿದರೆ ಮಾತ್ರ ಇಳಿಯಿರಿ. ಎಡೆಬಿಡದ ಜಡಿಮಳೆಗಿಂತ ಮಳೆ ನಿಂತು ಎಲೆ ತೊಟ್ಟಿಕ್ಕುವ ಹೊತ್ತು ಒಳ್ಳೆಯದು, ಏಕೆಂದರೆ ಆಗ ಬೇಟೆಯೂ ಹೊರಗಿರುತ್ತದೆ. ಸಹಸ್ರಪದಿ, ಜೀರುಂಡೆ, ಜೇಡ, ನೊಣದ ಮರಿ, ಎರೆಹುಳು, ಇರುವೆ, ಸ್ಪ್ರಿಂಗ್‌ಟೇಲ್, ಬಾಯಿಗೆ ಹಿಡಿಯುವ ಯಾವುದೂ ಆದೀತು. ಅಟ್ಟಿಸಿಕೊಂಡು ಹೋಗುವ ಬೇಟೆಗಾರನಲ್ಲ. ಹತ್ತಿರ ಬಂದದ್ದಕ್ಕೆ ನಾಲಿಗೆ ಚಿಮ್ಮಿಸುತ್ತದೆ, ಸಿಗದಿದ್ದರೆ ಮತ್ತೆ ಕಾಯುತ್ತದೆ. ಗಂಡಿನ ಓಡಾಟದ ವಲಯ ಹೆಣ್ಣಿನದಕ್ಕಿಂತ ಹಲವು ಪಟ್ಟು ದೊಡ್ಡದು, ಆದರೂ ಅದು ಒಂದು ಕೋಣೆಯ ನೆಲದಷ್ಟೇ. ಇಂದು ನೋಡಿದ ಬಿಲದ ಬಳಿ ನಾಳೆಯೂ ಹೋದರೆ ಅದೇ ಪ್ರಾಣಿ ಸಿಗುವ ಸಾಧ್ಯತೆ ಹೆಚ್ಚು. ಹೊಸ ಜಾಗ ಅಲೆಯುವುದಕ್ಕಿಂತ ಗುರುತಿಟ್ಟ ಹತ್ತು ಬಿಲಗಳಿಗೆ ಮತ್ತೆ ಮತ್ತೆ ಹೋಗುವುದೇ ಲೇಸು.

ಫೋಟೋ ತೆಗೆಯುವವರಿಗೆ ಇಲ್ಲಿನ ಶತ್ರು ಆವಿ. ಕಾರಿನ ಎಸಿಯಿಂದ ಹೊರತೆಗೆದ ಲೆನ್ಸ್ ಕ್ಷಣದಲ್ಲಿ ಮಬ್ಬಾಗುತ್ತದೆ. ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ ಹೊರಗಿನ ಹವೆಗೆ ಅರ್ಧ ಗಂಟೆ ಬಿಟ್ಟು ಆಮೇಲೆ ಬಿಚ್ಚಿ. ಫ್ಲ್ಯಾಷ್ ಬೇಡ: ಒದ್ದೆ ಚರ್ಮ ಕನ್ನಡಿಯಂತೆ ಬೆಳಕು ತಿರುಗಿಸಿ ಕೆನ್ನೆಯ ಬಣ್ಣವನ್ನೇ ಅಳಿಸಿಬಿಡುತ್ತದೆ. ಐಎಸ್‌ಒ 1600 ಅಥವಾ 3200ಕ್ಕೆ ಏರಿಸಿ, ಮೊಣಕೈಯನ್ನು ದಾರಿಯ ಕಲ್ಲಿಗೆ ಊರಿ ತೆಗೆದ ಚಿತ್ರದಲ್ಲೇ ಗುರುತುಗಳು ಸರಿಯಾಗಿ ಕಾಣುವುದು. ಕಾಲು ಮತ್ತು ಕೆನ್ನೆ ಎರಡೂ ಬರುವ ಓರೆ ಕೋನವೊಂದಿದ್ದರೆ ಸಾಕು.

ಸೆಪ್ಟೆಂಬರ್‌ನ ಸಂಜೆ ಬೆಳಕು ಕುಂದುವಾಗ ಜೋಡಿ ಕಂಡರೆ ಅಲ್ಲೇ ನಿಲ್ಲಬೇಕು. ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಇವುಗಳ ಕೂಡುವ ಕಾಲ. ಗಂಡಿನ ಗಲ್ಲದ ಕೆಳಗೆ ದುಂಡನೆಯ ಗ್ರಂಥಿ ಉಬ್ಬಿರುತ್ತದೆ. ಗಂಡು ಮೂತಿಯಿಂದ ಹೆಣ್ಣನ್ನು ಸವರುತ್ತ, ಕಾಲುಗಳನ್ನು ಒಂದೊಂದಾಗಿ ಎತ್ತಿಳಿಸಿ ಕುಣಿದಂತೆ ಮಾಡಿ, ಮುಂದೆ ನಡೆದು ಬಾಲ ಅಲುಗಿಸುತ್ತದೆ. ಒಪ್ಪಿದ ಹೆಣ್ಣು ಆ ಬಾಲವನ್ನು ಕಾಲುಗಳ ನಡುವೆ ಇರಿಸಿಕೊಂಡು, ಗಲ್ಲವನ್ನು ಅದರ ಬುಡಕ್ಕೆ ಊರಿ ಹಿಂದೆಯೇ ನಡೆಯುತ್ತದೆ. ಮಧ್ಯೆ ಮಧ್ಯೆ ಗಂಡು ತಿರುಗಿ ಗಲ್ಲದ ಗ್ರಂಥಿಯನ್ನು ಹೆಣ್ಣಿನ ಮೂಗಿಗೆ ತಟ್ಟುತ್ತದೆ. ಹತ್ತಿರದ ಸಂಬಂಧಿಯಾದ ಕೆಂಪು ಕಾಲಿನ ಸಲಮಾಂಡರ್‌ನಲ್ಲಿ ಆ ಗ್ರಂಥಿಯ ಪ್ರೋಟೀನ್ ಹೆಣ್ಣಿನ ಒಪ್ಪಿಗೆಯನ್ನು ಬೇಗ ತರುತ್ತದೆಂದು 1999ರಲ್ಲಿ ಸಂಶೋಧಕರು ತೋರಿಸಿದರು. ಕೊನೆಗೆ ಗಂಡು ನೆಲದ ಮೇಲೆ ವೀರ್ಯದ ಸಣ್ಣ ಪೊಟ್ಟಣವಿಟ್ಟು ಮುಂದೆ ಸರಿಯುತ್ತದೆ, ಹೆಣ್ಣು ಅದರ ಮೇಲೆ ಬಂದು ಒಳಗೆ ತೆಗೆದುಕೊಳ್ಳುತ್ತದೆ. ಈ ನಡುವೆ ದಾರಿಹೋಕರ ಒಂದು ಬೂಟು ಹತ್ತಿರ ಕುಕ್ಕಿದರೂ ಜೋಡಿ ಬಿಡಿಸಿಕೊಂಡು ಬಿಲ ಸೇರುತ್ತದೆ, ಆ ರಾತ್ರಿಯ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಮೊಟ್ಟೆ ನೆಲದೊಳಗೆ. ಗೊದಮೊಟ್ಟೆಯ ಹಂತವಿಲ್ಲ, ಮೊಟ್ಟೆಯೊಳಗೇ ಕಾಲು ಬಾಲ ಮೂಡಿ ಪುಟ್ಟ ಸಲಮಾಂಡರ್ ಆಗಿಯೇ ಹೊರಬರುತ್ತದೆ. ಪಶ್ಚಿಮ ಘಟ್ಟದ ರಾವೋರ್ಕೆಸ್ಟಿಸ್ ಪೊದೆಗಪ್ಪೆಗಳೂ ಹೀಗೆಯೇ ಮೊಟ್ಟೆಯಿಂದ ನೇರ ಮರಿಗಪ್ಪೆಗಳಾಗುತ್ತವೆ. ಕುದುರೆಮುಖದ ಶೋಲಾದಲ್ಲಿ ಅವುಗಳ ಟಿಕ್ ಟಿಕ್ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಂತ ನೀರಿನ ಹಂಗು ಕಳೆದುಕೊಂಡ ಎರಡೂ ಗುಂಪು ಬೆಟ್ಟದ ತೇವಕ್ಕೆ ಮಾತ್ರ ಒತ್ತೆಯಾಗಿ ಉಳಿದಿವೆ.

ಕೊನೆಯ ದಿನ: ಇಳಿಯುತ್ತ ಗಡಿ ಹುಡುಕುವುದು

ನ್ಯೂಫೌಂಡ್ ಗ್ಯಾಪ್‌ನಿಂದ ನಾರ್ತ್ ಕ್ಯಾರೊಲೈನಾ ಬದಿಗೆ ಇಳಿದರೆ ಒಕೋನಲಫ್ಟಿ ಸಂದರ್ಶಕ ಕೇಂದ್ರ, ಎತ್ತರ ಸುಮಾರು 620 ಮೀಟರ್. ಒಂದು ಗಂಟೆಯ ಇಳಿಜಾರಿನಲ್ಲಿ ಕಾಡು ಬದಲಾಗುತ್ತ ಹೋಗುತ್ತದೆ: ಸ್ಪ್ರೂಸ್ ಮತ್ತು ಫರ್, ಆಮೇಲೆ ಬರ್ಚ್ ಮತ್ತು ಬೀಚ್, ಅದರ ಕೆಳಗೆ ಮೇಪಲ್, ಟ್ಯೂಲಿಪ್ ಮರಗಳ ಸಮೃದ್ಧ ಕಣಿವೆ. ತೊರೆಯ ಬದಿಯ ಹೆಮ್ಲಾಕ್ ಮರಗಳು 2002ರಲ್ಲಿ ಇಲ್ಲಿ ಪತ್ತೆಯಾದ ಇನ್ನೊಂದು ಅಡೆಲ್ಜಿಡ್ ಕೀಟಕ್ಕೆ ಸಾಯುತ್ತಿವೆ. ಅವು ಹೋದ ಕಡೆ ತೊರೆಯ ಮೇಲಿನ ನೆರಳೂ ಹೋಗುತ್ತದೆ. ಗಾಡಿ ನಿಲ್ಲಿಸುವ ಜಾಗಗಳಲ್ಲಿ ಇಳಿದು ಥರ್ಮಾಮೀಟರನ್ನು ತರಗೆಲೆಯ ಪಕ್ಕ ಎರಡು ನಿಮಿಷ ಇಟ್ಟು ಎತ್ತರದ ಜತೆ ಬರೆದುಕೊಳ್ಳಿ. ಜೋರ್ಡಾನಿ ಮುಖ್ಯವಾಗಿ ಸಿಗುವುದು ಸುಮಾರು 850 ಮೀಟರ್‌ನಿಂದ ಮೇಲೆ. ಆ ಮಟ್ಟದಲ್ಲಿ ಗೋಡೆಯೇನೂ ಇಲ್ಲ, ತೇವವೂ ಅಲ್ಲಿಗೇ ಮುಗಿಯುವುದಿಲ್ಲ. ಮತ್ತೆ ತಡೆಯುವುದು ಯಾರು?

ಕೆಳಗಿನ ಇಳಿಜಾರಿನಲ್ಲಿ ಇದರದೇ ಕುಲದ ಇನ್ನೊಂದು ದೊಡ್ಡ ಸಲಮಾಂಡರ್ ಇದೆ, ಪ್ಲೆಥೊಡಾನ್ ಟೆಯಾಹಲೀ. ಕಪ್ಪು ಮೈ, ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕೆ, ಕೆನ್ನೆ ಖಾಲಿ. ನೆಲ್ಸನ್ ಹೇರ್‌ಸ್ಟನ್ ಎಂಬ ಪರಿಸರ ವಿಜ್ಞಾನಿ 1974ರಿಂದ 1978ರವರೆಗೆ ಎರಡೂ ಬೆರೆಯುವ ಎತ್ತರದಲ್ಲಿ ತುಂಡು ನೆಲಗಳನ್ನು ಗುರುತಿಸಿ, ಕೆಲವು ತುಂಡುಗಳಿಂದ ಒಂದು ಜಾತಿಯನ್ನು, ಕೆಲವುಗಳಿಂದ ಇನ್ನೊಂದನ್ನು ತೆಗೆಯುತ್ತ ಬಂದರು. ಜೋರ್ಡಾನಿಯನ್ನು ತೆಗೆದ ಕಡೆ ಕೆಳಗಿನದು ಹೆಚ್ಚಿತು. ಕೆಳಗಿನದನ್ನು ತೆಗೆದ ಕಡೆ ಜೋರ್ಡಾನಿಯ ಮರಿಗಳ ಪಾಲು ಏರಿತು. ಪಕ್ಕದ ಬಾಲ್ಸಮ್ ಬೆಟ್ಟಗಳಲ್ಲೂ ಇದನ್ನೇ ಮಾಡಿದಾಗ ಪರಿಣಾಮ ದುರ್ಬಲವಾಗಿತ್ತು. ಅಲ್ಲಿ ಎರಡು ಬಗೆಯೂ ಕೆಳಗಿನಿಂದ ಮೇಲಿನವರೆಗೆ ಬಹಳ ಅಗಲವಾದ ಪಟ್ಟಿಯಲ್ಲಿ ಒಟ್ಟಿಗೇ ಬದುಕುತ್ತವೆ, ಸ್ಮೋಕಿಯಲ್ಲಿ ಬೆರೆಯುವ ಪಟ್ಟಿ ಬಹಳ ಕಿರಿದು. ಅಂದರೆ ಸ್ಮೋಕಿಯ ಕೆಳಗಡಿಯನ್ನು ಹವೆ ಮಾತ್ರವಲ್ಲ, ನೆರೆಯವನೂ ಎಳೆದಿದ್ದಾನೆ.

ಬಾಲ್ಸಮ್ ಬೆಟ್ಟದ ಮೇಲಿನ ಸಲಮಾಂಡರ್‌ಗೂ ಆಗ ಜೋರ್ಡಾನಿ ಎಂದೇ ಹೆಸರಿತ್ತು. ದಕ್ಷಿಣ ಅಪಲೇಚಿಯನ್ ಬೆಟ್ಟಗಳಲ್ಲಿ ಚದುರಿದ ಕೆಂಪು ಕೆನ್ನೆ, ಕೆಂಪು ಕಾಲು, ಬೂದು ಕೆನ್ನೆಯ ಗುಂಪುಗಳನ್ನು 2000ದಲ್ಲಿ ಏಳು ಜಾತಿಗಳಾಗಿ ವಿಂಗಡಿಸಿದ ಮೇಲೆ ಸ್ಮೋಕಿಯ ಕೆಂಪು ಕೆನ್ನೆಗೆ ಮಾತ್ರ ಆ ಹೆಸರು ಉಳಿಯಿತು. ಬಾಲ್ಸಮ್ ಕಡೆಯ ಬೂದು ಕೆನ್ನೆಯದು ಈಗ ಪ್ಲೆಥೊಡಾನ್ ಮೆಟ್‌ಕಾಫಿ. ಹಳೆಯ ಪುಸ್ತಕ ಹಿಡಿದು ಬರುವವರು ಇದನ್ನು ನೆನಪಿಡದಿದ್ದರೆ ವ್ಯಾಪ್ತಿಯ ನಕ್ಷೆಗಳು ಗೊಂದಲ ಹುಟ್ಟಿಸುತ್ತವೆ.

ಕೈಯಾರೆ ಅಳೆಯುವ ಆಸೆಯಿರುವವರು ಒಬ್ಬರೇ ಕಲ್ಲೆತ್ತುವ ಬದಲು ಟೌನ್ಸೆಂಡ್ ಬಳಿಯ ಟ್ರೆಮಾಂಟ್ ಶಿಕ್ಷಣ ಸಂಸ್ಥೆಯಂಥ ಕಡೆ ನಡೆಯುವ ಸಲಮಾಂಡರ್ ಎಣಿಕೆಯ ಕಾರ್ಯಕ್ರಮ ಸೇರಬಹುದು. ಅನುಮತಿ ಪಡೆದ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ರಾಸಾಯನಿಕ ಬಳಿಯದ ಹಲಗೆಗಳನ್ನು ತರಗೆಲೆ ಸರಿಸಿ ಮಣ್ಣಿಗೆ ತಾಗುವಂತೆ ಇಟ್ಟು ತಿಂಗಳುಗಟ್ಟಲೆ ಬಿಡುತ್ತಾರೆ. ಹೊಸ ಮರದ ವಾಸನೆ ಹೋಗಿ ಕೆಳಗೆ ತೇವ ಕೂರುವವರೆಗೆ ಪ್ರಾಣಿ ಬರುವುದಿಲ್ಲ. ಪದೇ ಪದೇ ಎತ್ತಿದರೆ ಬಂದದ್ದೂ ಬಿಟ್ಟುಹೋಗುತ್ತದೆ. ಸಿಕ್ಕಿದ್ದನ್ನು ಒದ್ದೆ ಎಲೆ ಹಾಕಿದ ಹೊಸ ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟು, ಚೀಲದ ಮೇಲಿಂದಲೇ ಮೂತಿಯಿಂದ ಗುದದ್ವಾರದವರೆಗಿನ ಉದ್ದ ಅಳೆಯುತ್ತಾರೆ. ಬಾಲ ಕಳಚಿ ಬೆಳೆಯುವಂಥದ್ದಾದ್ದರಿಂದ ಒಟ್ಟು ಉದ್ದ ನಂಬಿಕೆಯ ಅಳತೆಯಲ್ಲ. ಹಲಗೆ ವಾಪಸ್ ಇಟ್ಟ ಮೇಲೆ ಪ್ರಾಣಿಯನ್ನು ಅದರ ಪಕ್ಕಕ್ಕೆ ಬಿಡುವುದು ಕ್ರಮ, ಅದೇ ಒಳಗೆ ನುಸುಳಿಕೊಳ್ಳುತ್ತದೆ. ಪ್ರಾಣಿಯ ಮೇಲೆ ಹಲಗೆ ಇಳಿಸಿದರೆ ಜಜ್ಜಿಹೋಗುತ್ತದೆ.

ಹೊರಡುವ ಮೊದಲು ಬೂಟು ತೊಳೆಯಬೇಕು, ಅದರಲ್ಲೂ ಮುಂದೆ ಬೇರೆ ಬೆಟ್ಟಕ್ಕೆ ಹೋಗುವವರು. ಸಲಮಾಂಡರ್‌ಗಳ ಚರ್ಮ ತಿನ್ನುವ ಬಿಸಾಲ್ ಎಂಬ ಶಿಲೀಂಧ್ರವನ್ನು 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸಾಯುತ್ತಿದ್ದ ಸಲಮಾಂಡರ್‌ಗಳಿಂದ ಗುರುತಿಸಿದರು. ಅದು ಅಮೆರಿಕಕ್ಕೆ ಬರದಿರಲೆಂದು 2016ರಲ್ಲಿ 201 ಜಾತಿ ಸಲಮಾಂಡರ್‌ಗಳ ಆಮದನ್ನೇ ನಿಷೇಧಿಸಿದರು. ಮೊದಲು ಬ್ರಷ್‌ನಿಂದ ಮಣ್ಣು ಪೂರಾ ತೆಗೆಯಿರಿ, ಮಣ್ಣು ಉಳಿದರೆ ಬ್ಲೀಚ್ ಅದರ ಮೇಲೇ ಖರ್ಚಾಗುತ್ತದೆ. ಆಮೇಲೆ ಒಂದು ಭಾಗ ಮನೆಯ ಬ್ಲೀಚ್‌ಗೆ ಒಂಬತ್ತು ಭಾಗ ನೀರು ಬೆರೆಸಿ ಅಟ್ಟೆಯನ್ನು ಐದು ನಿಮಿಷ ನೆನೆಸಿ, ಶುದ್ಧ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಈ ಕೆಲಸವನ್ನು ವಸತಿಯ ಬಚ್ಚಲಲ್ಲಿ ಮಾಡಿ, ತೊರೆಯ ಪಕ್ಕದಲ್ಲಿ ಬೇಡ. ಅದೇ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳಬೇಡಿ, ಸತ್ವ ಹೋಗಿರುತ್ತದೆ.

ಬೇರೆ ತಿಂಗಳಲ್ಲಿ ಬರುವವರಿಗೆ: ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಪ್ರಾಣಿ ಮೇಲ್ಪದರದಲ್ಲಿರುತ್ತದೆ. ಅಕ್ಟೋಬರ್‌ನ ಎಲೆ ನೋಡುವ ಜನಜಂಗುಳಿಯಲ್ಲಿ ಬೆಳಗಿನ ಏಳಕ್ಕೇ ಪಾರ್ಕಿಂಗ್ ಸಿಗುವುದಿಲ್ಲ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಕುವೋಹಿಯ ಏಳು ಮೈಲಿ ರಸ್ತೆ ವಾಹನಗಳಿಗೆ ಮುಚ್ಚಿರುತ್ತದೆ. ನಡೆದು ಹೋದರೂ ಸಲಮಾಂಡರ್ ಆಗ ಹಿಮ ತಾಗದ ಆಳದ ಬಿರುಕುಗಳಲ್ಲಿರುತ್ತದೆ.